ಫೋಟೋಗೆ ಬಿಟ್ಟ ಜಾಗ

ಓಣಿಯವರಿಗೆಲ್ಲ ಅವಳು ಬ್ರಶ್ಶಕ್ಕ. ಮುಷ್ಕರದ ಬ್ಯಾನರು, ಅಂಗಡಿ ಬೋರ್ಡು, ಯಾರಾದರೂ ಸತ್ತರೆ ಶ್ರದ್ಧಾಂಜಲಿ ಫಲಕ, ಎಲ್ಲ ಅವಳ ಕೈಯದೇ. ಫಲಕದ ತುಂಬ ಬಣ್ಣ ಬಳಿದು ನಡುವೆ ಅಂಗೈಯಗಲ ಬಿಳಿ ಬಿಡುತ್ತಿದ್ದಳು. ಮನೆಯವರು ಅಲ್ಲಿ ಫೋಟೋ ಅಂಟಿಸುತ್ತಿದ್ದರು. ಮಿಲ್ಲಿನ ಬಾಯ್ಲರ್ ಸಿಡಿದ ವಾರ ಆ ಬಿಳಿ ಬಿಟ್ಟೂ ಬಿಟ್ಟೂ ಅವಳ ಕೈ ಸೋತಿತು. ಸತ್ತವರಲ್ಲಿ ಅವಳ ಚಿಕ್ಕಮ್ಮನ ಮಗನೂ ಇದ್ದ. ಅವನ ಫಲಕ ಮಾತ್ರ ಖಾಲಿ ಉಳಿಯಿತು. ಅವನದೆಂದು ಇದ್ದ ಒಂದೇ ಫೋಟೋ ಮಿಲ್ಲಿನ ಪಾಸಿನಲ್ಲಿತ್ತು, ಪಾಸು ಕಚೇರಿಯವರ ಕೈಯಲ್ಲಿತ್ತು. ಕೆಲಸಗಾರರದೇ ತಪ್ಪು ಎಂದು ಮಾಲೀಕರು ಕೈತೊಳೆದುಕೊಂಡಿದ್ದರು.

ಆಮೇಲೆ ಅವಳಿಗೆ ಅಕ್ಷರ ಕೂರಲಿಲ್ಲ, ಮುಖ ಮೂಡಲಿಲ್ಲ. ಅಡುಗೆಕಟ್ಟೆಯ ಮೇಲೆ ದಪ್ಪ ಕಾಗದ ನೆನೆಸಿ ಜಲವರ್ಣ ಬಿಡತೊಡಗಿದಳು. ಕಪ್ಪು ಕಂದಿನೊಳಗೆ ನುಗ್ಗುತ್ತಿತ್ತು, ತುಕ್ಕುಗೆಂಪು ಒಡೆದು ಹಬ್ಬುತ್ತಿತ್ತು. ಬಿಳಿ ಬೇಕಾದ ಕಡೆ ಬಣ್ಣವನ್ನೇ ತಾಕಿಸದೆ ಕಾಗದ ಬಿಡುತ್ತಿದ್ದಳು. ಅಷ್ಟು ಅಭ್ಯಾಸವಾಗಿತ್ತು.

“ನಮ್ಮ ಕೂಸು ಕಕ್ಕಿದ ಬಟ್ಟೆನೂ ಹೀಗೇ ಇರುತ್ತೆ ಕಣೇ. ಅದಕ್ಕೂ ಚೌಕಟ್ಟು ಹಾಕಿಸ್ತೀಯಾ?” ಎಂದು ಪಕ್ಕದ ಮನೆಯವಳು ಕಿಚಾಯಿಸಿದಳು.

“ತಗೊಂಬಾ, ಹಾಕಿಸೋಣ. ನಿನ್ನ ಗಂಡನ ಬನೀನೂ ತಾ.”

ಪೇಟೆಯ ಗ್ಯಾಲರಿಯವನು ಮಾತ್ರ ನಗಲಿಲ್ಲ. ಹೊಸಬರ ಪ್ರದರ್ಶನದಲ್ಲಿ ಅವಳಿಗೊಂದು ಗೋಡೆ ಕೊಟ್ಟ. ಬೋರ್ಡು ಬರೆಯುವ ಕೆಲಸವನ್ನು ಆಗಲೇ ಫ್ಲೆಕ್ಸ್ ಮುದ್ರಿಸುವ ಯಂತ್ರ ನುಂಗಿತ್ತು. ಆ ಗೋಡೆ ತಪ್ಪಿದರೆ ಅವಳಿಗೆ ಅದೇ ಮಿಲ್ಲಿನ ಗೇಟೇ ಗತಿ.

ಪ್ರದರ್ಶನದ ದಿನ ಚಿಕ್ಕಮ್ಮನನ್ನೂ ಕರೆತಂದಳು. ಚಿತ್ರಗಳಿಗೆ ಗಾಜು ಹಾಕಿರಲಿಲ್ಲ. ಕಾಗದದ ಒರಟು ಕಾಣಲಿ ಎಂದು ಗ್ಯಾಲರಿಯವನೇ ಬೇಡವೆಂದಿದ್ದ. ಬ್ರಶ್ಶಕ್ಕ ಕೈತೊಳೆದು ಬರುವಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರದ ಬಿಳಿಯಲ್ಲಿ ಚಿಕ್ಕಮ್ಮನ ಮಗ ಕೂತಿದ್ದ. ಕೊನೆಗೂ ಕಚೇರಿಯಿಂದ ವಾಪಸು ಬಂದಿದ್ದ ಪಾಸಿನಿಂದ ಕಿತ್ತ ಫೋಟೋ. ಕೌಂಟರಿನ ಮೇಲಿದ್ದ ಗೋಂದು ಚಿಕ್ಕಮ್ಮನ ಬೆರಳಿಗೆ ಮೆತ್ತಿತ್ತು.

“ಜಾಗ ಬಿಟ್ಟಿದ್ದೀಯ, ಬಾಯಿಬಿಟ್ಟು ಕೇಳೋಕೆ ಸಂಕೋಚ ನಿಂಗೆ. ನಂಗೊತ್ತಾಗಲ್ವೇನೇ?” ಎಂದಳು ಚಿಕ್ಕಮ್ಮ. ಅವಳ ಮುಖ ಎಷ್ಟೋ ತಿಂಗಳ ಮೇಲೆ ಸಡಿಲವಾಗಿತ್ತು.

ಗ್ಯಾಲರಿಯವನು ಓಡಿಬಂದ. “ಇದೇನ್ರೀ ಇದು? ಜನ ಬರೋ ಹೊತ್ತು! ಕೀಳ್ರಿ ಅದನ್ನ. ಇಲ್ಲಾಂದ್ರೆ ನಿಮ್ಮ ಗೋಡೆ ಪೂರ್ತಿ ಇಳಿಸಿ.”

ಬ್ರಶ್ಶಕ್ಕ ಚಿಕ್ಕಮ್ಮನ ಕಡೆ ನೋಡಲಿಲ್ಲ. ನೀರು ಸೋಕಿಸಿದರೆ ಬಣ್ಣ ಹರಿದು ಹಾಳಾಗುತ್ತದೆಂದು ಉಗುರು ಹಾಕಿ ಎಬ್ಬಿಸಿದಳು. ಗೋಂದು ಆಗಲೇ ಕಚ್ಚಿತ್ತು. ಫೋಟೋ ಅಡ್ಡಕ್ಕೆ ಹರಿಯಿತು. ಹಣೆ, ಕಣ್ಣು ಕೈಗೆ ಬಂದವು. ಬಾಯಿ, ಗದ್ದ ಕಾಗದದ ಮೇಲೇ ಉಳಿದವು.

ಚಿಕ್ಕಮ್ಮ ಆ ಚೂರನ್ನು ಅವಳ ಬೆರಳಿಂದ ಬಿಡಿಸಿಕೊಂಡಳು. “ಬಾಯ್ಲರ್ ಬಿಟ್ಟಿದ್ದನ್ನ ನೀನು ಮುಗಿಸ್ಬಿಟ್ಟೆ.” ಅಷ್ಟೇ ಅಂದು ಮೆಟ್ಟಿಲಿಳಿದಳು.

ಅವಳ ಹಿಂದೆ ಹೊರಟಿದ್ದ ಬ್ರಶ್ಶಕ್ಕನನ್ನು ಗ್ಯಾಲರಿಯವನು ತಡೆದ. ಕುತ್ತಿಗೆ ವಾರೆ ಮಾಡಿ ಚಿತ್ರ ನೋಡಿದ. “ತಾಳಿ ತಾಳಿ. ಹಾಗೇ ಇರ್ಲಿ. ಈಗ ಇದಕ್ಕೊಂದು ಕಳೆ ಬಂತು ನೋಡಿ.”

ಬಾಗಿಲು ತೆರೆಯಿತು, ಜನ ಒಳಬಂದರು. ಬ್ರಶ್ಶಕ್ಕ ಆ ಗದ್ದ ಕಾಣದಂತೆ ಚಿತ್ರಕ್ಕೆ ಬೆನ್ನು ಕೊಟ್ಟು ನಿಂತಳು.

“ಸ್ವಲ್ಪ ಸರೀತೀರಾ?” ಎಂದರು ಯಾರೋ.

ಸರಿದಳು.