ಕುಜನ ಪರ ಒಂದು ವಕಾಲತ್ತು

ಕಾಫಿಗೆ ಬಂದವರನ್ನು ನಕ್ಷತ್ರಗಳ ಕಥೆ ಹೇಳದೆ ಕಳಿಸುವುದು ನನ್ನಿಂದಾಗದು. ಭೌತಶಾಸ್ತ್ರದ ಮೇಷ್ಟ್ರುಗಿರಿಯಿಂದ ನಾನು ನಿವೃತ್ತನಾದರೂ ನಾಲಿಗೆ ಆಗಿಲ್ಲ. ಶಿವಮೊಗ್ಗದ ರಾಗಿಗುಡ್ಡದ ನೆರೆಹೊರೆಯವರಿಗೆ ಈಗೀಗ ನನ್ನನ್ನು ಕಂಡರೆ ಏನಾದರೊಂದು ತುರ್ತು ಕೆಲಸ ನೆನಪಾಗುತ್ತದೆ.

ಹಾಗಾಗಿ ಮೊನ್ನೆ ಭದ್ರಾವತಿಯ ಬಸ್ಸು ಮಾಚೇನಹಳ್ಳಿ ದಾಟುವ ಮೊದಲೇ ನನ್ನ ಅಕ್ಕ ನನ್ನಿಂದ ಮಾತು ತೆಗೆದುಕೊಂಡಳು: "ಉಪ್ಪಿಟ್ಟು ತಿನ್ನೋಕೆ ಬಿಟ್ರೆ ಅಲ್ಲಿ ಬಾಯಿ ತೆಗೀಬೇಡ ಮಾರಾಯ." ಅವಳ ಮಗಳು ಸುಮಾ ಮತ್ತು ಭದ್ರಾವತಿಯ ಹುಡುಗ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹುಡುಗನ ಅಜ್ಜಿ ಮಾತ್ರ, ಸುಮಾಳ ಜಾತಕದಲ್ಲಿ ಕುಜದೋಷವಿದೆ ಎಂದು ಪಟ್ಟು ಹಿಡಿದಿದ್ದರು. ಅಜ್ಜಿ ಒಪ್ಪದೆ ಆ ಮನೆಯಲ್ಲಿ ಏನೂ ನಡೆಯದು. ಸುಮಾ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದಳು.

ನಾನು ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಹುಡುಗನ ಮನೆ ತಲುಪಿ ಕೂರುತ್ತಲೇ ಅಜ್ಜಿಯೇ ಕೆಣಕಿದರು. "ನಕ್ಷತ್ರದ ಮೇಷ್ಟ್ರಂತಲ್ಲ ನೀವು. ಕುಜ ಕ್ರೂರಗ್ರಹ ಹೌದೋ ಅಲ್ವೋ, ನೀವೇ ಹೇಳಿ."

ಅಕ್ಕ ಕಣ್ಣಲ್ಲೇ ಗದರಿದಳು. ನಾನು ಆ ಕಡೆ ನೋಡಲೇ ಇಲ್ಲ. ನಕ್ಷತ್ರ ಹುಟ್ಟುವುದು ತಣ್ಣಗಿನ ಅನಿಲ, ಧೂಳಿನ ಮೋಡದಲ್ಲಿ ಎಂದು ಶುರು ಮಾಡಿದೆ. ಕಬ್ಬಿಣ ಕರಗಿಸುವ ಕುಲುಮೆಯ ಊರಾದ ಭದ್ರಾವತಿಯವರಿಗೆ ಕಾವು ವಿವರಿಸಬೇಕೇ? ಆದರೆ ಈ ಕುಲುಮೆಗೆ ಬೆಂಕಿ ಹಚ್ಚುವವರಿಲ್ಲ. ಮೋಡ ತನ್ನ ಭಾರಕ್ಕೆ ತಾನೇ ಕುಸಿದು, ಒಳಗೊಳಗೇ ಕಾದು ಕಾದು, ಕೊನೆಗೊಮ್ಮೆ ಬೆಳಗತೊಡಗುತ್ತದೆ. ಸೂರ್ಯ ಹಾಗೆ ಹುಟ್ಟಿದಾಗ ಸುತ್ತ ಮಿಕ್ಕ ಧೂಳಿನಿಂದಲೇ ಭೂಮಿಯೂ ಆಯಿತು, ಕುಜನೂ ಆದ. ಹಿರಿಯರು ಅವನನ್ನು ಭೂಮಿಪುತ್ರ ಎಂದರು. ನಾನು ಭೂಮಿಯ ಒಡಹುಟ್ಟು ಎನ್ನುತ್ತೇನೆ, ಅಷ್ಟೇ ವ್ಯತ್ಯಾಸ.

"ಅಲ್ಲಿ ಜನ ಇದಾರಾ?" ಎಂದರು ಅಜ್ಜಿ.

"ಕುಜನಲ್ಲಿ ಯಾರೂ ಕಂಡಿಲ್ಲ ಅಜ್ಜಿ. ಆದ್ರೆ ಲೆಕ್ಕವಿಲ್ಲದಷ್ಟು ನಕ್ಷತ್ರ ಇವೆ, ಅವಕ್ಕೂ ಗ್ರಹಗಳಿವೆ. ಎಲ್ಲೋ ಒಂದು ಕಡೆ ಜೀವ ಇದ್ದೇ ಇರುತ್ತೆ ಅಂತ ನನ್ನ ನಂಬಿಕೆ."

ಅಜ್ಜಿ ಯೋಚಿಸಿದರು. "ಕುಜನಲ್ಲೇ ಜನ ಇದ್ದಿದ್ರೆ, ಅಲ್ಲಿನ ಹುಡುಗೀರ ಜಾತಕದಲ್ಲಿ ನಮ್ಮ ಭೂಮಿ ಕೂತಿರ್ತಿತ್ತಲ್ಲ?"

"ಕೂತಿರ್ತಿತ್ತು. ಭೂಮಿದೋಷ ಅಂತ ಮದುವೇನೂ ತಪ್ಪಿಸ್ತಿದ್ರು."

ಅಜ್ಜಿಗೆ ನಿಜಕ್ಕೂ ಸಿಟ್ಟು ಬಂತು. "ಏನ್ ಮಾತು ಮಾರಾಯ್ರೆ! ನಾವಿಲ್ಲಿ ನಮ್ಮ ಪಾಡಿಗೆ ನಾವಿದೀವಿ. ಆ ಮಕ್ಕಳಿಗೆ ನಾವೇನು ಕೆಟ್ಟದ್ದು ಮಾಡಿದೀವಿ?"

ತಮ್ಮದೇ ಮಾತು ಕಿವಿಗೆ ಬಿದ್ದವರಂತೆ ಅಜ್ಜಿ ಮೆಲ್ಲಗೆ, "ಕುಜನೂ ಪಾಪ, ಅವನ ಪಾಡಿಗೆ ಅವನಿರಬಹುದು" ಎಂದರು. ಆಮೇಲೆ ಸೊಸೆಯನ್ನು ಕೂಗಿ, "ತಾಂಬೂಲದ ತಟ್ಟೆ ತಾರೇ, ಹುಡುಗಿ ನಮ್ಮನೆಯವಳೇ" ಎಂದುಬಿಟ್ಟರು.

ನಾನು ಗೆದ್ದೆ! ವಾಪಸ್ ಬರುವಾಗ ಶಿವಮೊಗ್ಗ ಮುಟ್ಟುವವರೆಗೂ ಬಾಯಿ ಮುಚ್ಚಲಿಲ್ಲ, ಅಕ್ಕನೂ ಗದರಲಿಲ್ಲ. ಬೇರೆ ಗ್ರಹಗಳಲ್ಲಿ ಯಾರಾದರೂ ಇದ್ದರೆ, ಅವರಲ್ಲೂ ಇಂಥ ಒಬ್ಬ ಅಜ್ಜಿ ಇರಲಿ. ನಮ್ಮ ಭೂಮಿಯ ಮೇಲೆ ದೂರು ಬಂದ ದಿನ, ನಮ್ಮ ಪರವಾಗಿ ಒಂದು ಮಾತು ಆಡಲಿ.