ಪೀಠದ ಮೇಲೆ ಕಾಲಿಡದ ಆಟ

ಇಲ್ಲ, ಕೆಂಪಗಿರಲಿಕ್ಕೆ ಸಾಧ್ಯವಿಲ್ಲ. ಆ ಟಿ.ವಿ. ಆಟದ ಸನ್ಯಾಸಿಯ ನಿಲುವಂಗಿ ಕೆಂಪು ಎಂದು ಈಗಷ್ಟೇ ಬರೆದು ಹೊಡೆದುಹಾಕಿದೆ. ನಾವು ಅದನ್ನು ಆಡುತ್ತಿದ್ದ ಮನೆಯಲ್ಲಿದ್ದದ್ದು ಕಪ್ಪು-ಬಿಳುಪು ಟಿ.ವಿ. ಕೆಂಪನ್ನು ಇಷ್ಟು ವರ್ಷಗಳಲ್ಲಿ ನಾನೇ ಬಳಿದಿರಬೇಕು. ಇನ್ನೂ ಏನೇನು ಬಳಿದಿದ್ದೇನೋ.

ಎಂಬತ್ತರ ದಶಕದ ಕೊನೆ. ನವಲಗುಂದದ ಕಡೆಯವನಾದ ನಾನು ಅಳ್ನಾವರದ ಹೈಸ್ಕೂಲಿಗೆ ಗಣಿತದ ಮಾಸ್ತರನಾಗಿ ಬಂದಿದ್ದೆ. ಮರಗಳಿಲ್ಲದ ಎರೆಬಯಲಿನಲ್ಲಿ ಬೆಳೆದವನಿಗೆ ಅಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಮರ ಅಡ್ಡ ಬರುತ್ತಿತ್ತು. ಶನಿವಾರ ಶಾಲೆ ಬಿಟ್ಟರೆ ಸೋಮವಾರದವರೆಗೆ ನಾನು ಯಾರೊಡನೆಯೂ ಮಾತಾಡುತ್ತಿರಲಿಲ್ಲ.

ಸ್ಟೇಷನ್ ರಸ್ತೆಯಲ್ಲಿ ರೇಡಿಯೊ ರಿಪೇರಿ ಮಾಡುವವರೊಬ್ಬರಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಟ್ರಾನ್ಸಿಸ್ಟರ್ ಕೆಟ್ಟಾಗ ಪರಿಚಯವಾಯಿತು. ದುಬೈಯಲ್ಲಿದ್ದ ಅವರ ತಮ್ಮ ರಜೆಗೆ ಬಂದಾಗ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯೊಂದನ್ನು ಬಿಟ್ಟುಹೋಗಿದ್ದ.

“ರವಿವಾರ ಮನಿಗೆ ಬರ್ರಿ ಮಾಸ್ತರ, ಒಬ್ಬನೇ ಸತ್ತು ಸತ್ತು ಬ್ಯಾಸರಾಗೇತಿ” ಎಂದರು.

ಪೆಟ್ಟಿಗೆಯಲ್ಲಿದ್ದದ್ದು ಒಂದೇ ಆಟ. ತಲೆಗೆ ಮುಸುಕು ಹೊದ್ದ ಸನ್ಯಾಸಿ ಕೈಯಲ್ಲಿ ಸರಪಳಿ ಹಿಡಿದು, ಕತ್ತಲೆಯ ದೇವಾಲಯದಲ್ಲಿ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಮೇಲೇರಬೇಕು. ಶಿಲುಬೆಯೋ ತ್ರಿಶೂಲವೋ ತಿಳಿಯದ ಗುರುತುಗಳು, ಮುಖವಿಲ್ಲದ ಪೂಜಾರಿಗಳು. ಕಥೆ ಹೇಳುವ ಪುಸ್ತಿಕೆ ಇಬ್ಬರಿಗೂ ಬಾರದ ಲಿಪಿಯಲ್ಲಿತ್ತು.

“ಯಾವ ಧರ್ಮದಾಂವ್ರಿ ಇಂವಾ?” ಎಂದು ಕೇಳಿದೆ.

“ಯಾವುದರೆ ಇರಲಿ ತಗೋರಿ. ನಿಮ್ಮ ಕೈಯಾಗ ಸಿಕ್ಕ ಮ್ಯಾಲ ಸಾಯೂದಂತೂ ಖರೆ.”

ಅದರ ಕತ್ತಲೆ ಒಳ್ಳೆಯ ಕತ್ತಲೆಯಾಗಿತ್ತು ಎಂದು ಈಗಲೂ ಹೇಳುತ್ತೇನೆ. ಸಂಗೀತವಿರಲಿಲ್ಲ, ದೂರದಲ್ಲೊಂದು ಗಂಟೆ ಮಾತ್ರ. ಸರಪಳಿ ಬೀಸಿ ಅರೆಕ್ಷಣ ಕಳೆದ ಮೇಲೆಯೇ ಏಟು ಬೀಳುತ್ತಿತ್ತು, ಹಾಗಾಗಿ ಪ್ರತಿ ಏಟಿಗೂ ತೂಕವಿತ್ತು. ಆದರೆ ಜಿಗಿದ ಮೇಲೆ ದಿಕ್ಕು ಬದಲಿಸಲು ಬರುತ್ತಿರಲಿಲ್ಲ. ಒಂದು ಬಾವಲಿ ತಾಗಿದರೂ ಆತ ಹಿಂದಕ್ಕೆ ಎಗರಿ ಕಲ್ಲುಗಳ ನಡುವಿನ ಬಾವಿಗೆ ಬೀಳುತ್ತಿದ್ದ. ಮೂರನೆಯ ಅಂತಸ್ತಿಗೆ ಮೊದಲನೆಯದರ ಕೋಣೆಗಳನ್ನೇ ತಿರುಗಿಸಿ ಇಟ್ಟಿದ್ದರು. ಎಲ್ಲಕ್ಕಿಂತ ದೊಡ್ಡ ದೋಷ, ಅದಕ್ಕೆ ನೆನಪೇ ಇರಲಿಲ್ಲ. ಕರೆಂಟು ಹೋದರೆ ಮತ್ತೆ ಮೊದಲ ಕಲ್ಲಿನಿಂದ ಶುರು. ಕರೆಂಟು ಹೋಗುತ್ತಲೇ ಇತ್ತು.

ಐದನೆಯ ಅಂತಸ್ತಿನಲ್ಲಿ ದಾರಿ ಮುಗಿಯುತ್ತಿತ್ತು. ಸುತ್ತ ಗೋಡೆ, ಒಂದು ಬಾವಿ, ನಡುವೆ ದೀಪಗಳಿಟ್ಟ ಕಲ್ಲಿನ ಪೀಠ. ಗೋಡೆಯ ಒಂದೊಂದು ಕಲ್ಲನ್ನೂ ಸರಪಳಿಯಿಂದ ಬಡಿದು ನೋಡಿದೆವು. ಪೀಠ ಬಂದಾಗ ಮಾತ್ರ ಇಬ್ಬರೂ ಸನ್ಯಾಸಿಯನ್ನು ಅದರ ಮೇಲಿಂದ ಹಾರಿಸುತ್ತಿದ್ದೆವು. ನಾನು ಮಠದ ಗದ್ದುಗೆಯ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯವನು, ಅವರು ದರ್ಗಾದ ಹೊಸ್ತಿಲು ತುಳಿಯದೆ ದಾಟುವವರು. ಒಮ್ಮೆ ನನ್ನ ಸನ್ಯಾಸಿ ಪೀಠದ ಮೇಲೆ ಇಳಿಯುವಂತಾದಾಗ, ಚಹಾ ತಂದ ಅವರ ತಾಯಿ “ಏ, ಕಾಲು ತಗೀರಿ!” ಎಂದು ಗದರಿದರು. ನಾನು ಚಾಪೆಯ ಮೇಲೆ ಚಾಚಿದ್ದ ನನ್ನ ಕಾಲನ್ನೇ ಮಡಚಿಕೊಂಡೆ.

“ಬರೂ ರವಿವಾರ ನೋಡೂಣು ಬಿಡ್ರಿ” ಎನ್ನುತ್ತಿದ್ದರು ಅವರು. ಹೀಗೆ ತಿಂಗಳುಗಳೇ ಕಳೆದವು.

ಒಂದು ಭಾನುವಾರ ಯಾರೋ ಗಿರಾಕಿ ಕರೆದನೆಂದು ಅವರು ಹೊರಗೆ ಹೋದರು. ತಾಯಿ ಅಡಿಗೆಮನೆಯಲ್ಲಿದ್ದರು. ನಾನು ಪೀಠದ ಮೇಲೆ ಕಾಲಿಟ್ಟೆ. ದೀಪಗಳು ಆರಿದವು, ಎಡಗೋಡೆ ಸರಿಯಿತು. ಆಚೆ ಉದ್ದನೆಯ ಕೋಣೆ, ಅದರ ತುದಿಯಲ್ಲಿ ಯಾರೋ ಕುಳಿತಿದ್ದಂತೆ ಕಂಡಿತು. ಕೊನೆಯ ಕೋಣೆ ಅದೇ ಎಂದುಕೊಂಡೆ. ಆಟ ಮುಗಿದರೆ ಮುಂದಿನ ಭಾನುವಾರ ಇಲ್ಲಿಗೆ ಬರಲು ನನಗೆ ಯಾವ ನೆಪವಿತ್ತು? ಹೊರಗೆ ಅವರ ಚಪ್ಪಲಿಯ ಸದ್ದಾಯಿತು. ಸನ್ಯಾಸಿಯನ್ನು ಹಿಂದಕ್ಕೆ ನಡೆಸಿ ಬಾವಿಗೆ ಬೀಳಿಸಿದೆ.

“ಎಲ್ಲಿ ಸತ್ತಾ?”

“ಅಲ್ಲೇರಿ, ಹಳೇ ಜಾಗಾದಾಗ.”

“ಏನ್ ಮಾಸ್ತರೋ ಏನೋ! ಹುಡುಗರಿಗೆ ಏನ್ ಕಲಸ್ತೀರಿ ನೀವು?” ಎಂದು ನಕ್ಕು ಪಕ್ಕದಲ್ಲಿ ಕುಳಿತರು.

ಮತ್ತೆ ಎಷ್ಟು ಭಾನುವಾರ ಪೀಠವನ್ನು ಹಾರಿ ದಾಟಿದೆವೋ ನೆನಪಿಲ್ಲ. ತಮ್ಮ ಬಂದು ಪೆಟ್ಟಿಗೆ ಒಯ್ದ. ಆಮೇಲೆ ಅವರು ಕರೆಯಲಿಲ್ಲ, ನಾನು ಹೋಗಲಿಲ್ಲ. ಮುಂದಿನ ವರ್ಷ ನನಗೆ ವರ್ಗವಾಯಿತು.

ಪೆಟ್ಟಿಗೆ ವಾರವಿಡೀ ಅವರ ಮನೆಯಲ್ಲೇ ಇರುತ್ತಿತ್ತು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಅಂಗಡಿ ಮುಚ್ಚಿ ಬಂದರೆ ಮಗ ಅದರ ಮುಂದೆಯೇ ಕೂಡುತ್ತಾನೆ ಎಂದು ತಾಯಿ ಬೈಯುತ್ತಿದ್ದರು. ಕೆಟ್ಟದ್ದನ್ನೆಲ್ಲ ಬಿಚ್ಚಿ ನೋಡಿಯೇ ಬಿಡುವ ಕೈ ಅವರದು. ಅವರೂ ಒಬ್ಬರೇ ಇದ್ದಾಗ ಪೀಠದ ಮೇಲೆ ಕಾಲಿಟ್ಟಿದ್ದರೇ? ಎಲ್ಲ ತಿಳಿದೂ ಭಾನುವಾರ ನನ್ನೊಡನೆ ಪೀಠವನ್ನು ಹಾರಿ ದಾಟುತ್ತಿದ್ದರೇ? ನನಗೆ ಗೊತ್ತಿಲ್ಲ. ಆ ಕೋಣೆಯ ತುದಿಯಲ್ಲಿ ಕುಳಿತಿದ್ದವರು ಯಾರು ಎಂಬುದೂ ಗೊತ್ತಿಲ್ಲ.