ಇನ್ನೂ ಪಾಳಿ ಮುಗಿದಿಲ್ಲ

ರಾಯದುರ್ಗಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಕಲಿತ ಮಾತು ‘ಪಾಳಿ’. ಮಡಕಶಿರದ ಕಡೆಯ ನಮ್ಮೂರಿನಲ್ಲಿ ಗುಡಿಯ ಕಟ್ಟೆಯ ಮೇಲೆ ಹುಲಿ-ಕುರಿ ಆಡುವಾಗ ‘ಈಗ ನಿನ್ನಾಟ’ ಎನ್ನುತ್ತಿದ್ದೆವು. ಇಲ್ಲಿ ಬೀದಿ ನಲ್ಲಿಯ ಮುಂದೆ ಕೊಡ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದಾಗ ಹಿಂದಿನಿಂದ ಒಬ್ಬಾಕೆ, “ನಿನ್ ಪಾಳಿ ಬಂತಲ್ಲವ್ವ, ಹಿಡಿ” ಎಂದಳು. ಸರದಿಗೂ ಪಾಳಿ, ಜೀನ್ಸ್ ಹೊಲಿಯುವ ಯೂನಿಟ್ಟುಗಳ ಶಿಫ್ಟಿಗೂ ಪಾಳಿ. ಒಂದೇ ಮಾತು ಎರಡು ಕಡೆ ಸಲ್ಲುವುದರಿಂದ ನನಗೆ ಎಷ್ಟು ಅನುಕೂಲವಾಯಿತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮದೂ ಒಂದು ಸಣ್ಣ ಯೂನಿಟ್ಟು. ಕೆಳಗೆ ಮನೆ, ಮಾಳಿಗೆಯ ಮೇಲೆ ಹೊಲಿಗೆ ಮಷೀನುಗಳು. ಮದುವೆಗೆ ಮುಂಚೆ ನಾನು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದವಳು. ಕಂಪ್ಯೂಟರಿನಿಂದ ಕಸೂತಿ ಹಾಕಿಸುವುದನ್ನು ಅಲ್ಲೇ ಕಲಿತಿದ್ದೆ. ಅದನ್ನು ನೆಚ್ಚಿಕೊಂಡು ಯಜಮಾನರು ಬಳ್ಳಾರಿಯಿಂದ ಒಂದು ಹಳೆಯ ಕಂಪ್ಯೂಟರು ಮತ್ತು ಪ್ಯಾಂಟಿನ ಜೇಬಿಗೆ ಕಸೂತಿ ಹಾಕುವ ಮಷೀನು ತಂದು ಮೂಲೆಯ ಕೋಣೆಯಲ್ಲಿ ಇಟ್ಟರು. ಆ ಕಂಪ್ಯೂಟರಿನ ಹಿಂದಿನ ಒಡೆಯ, ಯಾರೋ ಪುಣ್ಯಾತ್ಮ, ಅದರೊಳಗೆ ಒಂದು ಆಟವನ್ನು ಬಿಟ್ಟುಹೋಗಿದ್ದ.

ತೆರೆಯ ತುಂಬ ಕತ್ತಲೆ, ನಡುವೆ ಅಂಗೈಯಗಲ ಹಸಿರು. ಅದರಲ್ಲಿ ಗಂಟುಮೂಟೆ ಕಟ್ಟಿಕೊಂಡು ಊರು ಹುಡುಕುತ್ತಿರುವ ಒಂದು ಪುಟ್ಟ ಗುಂಪು. ಅವರನ್ನು ನಡೆಸಿಕೊಂಡು ಹೋಗಿ ಹೊಳೆಯ ದಂಡೆಯಲ್ಲಿ ಊರು ಕಟ್ಟಿಸಬೇಕು. ನಾನು ನಡೆಸುವುದನ್ನೆಲ್ಲ ನಡೆಸಿ ಮುಗಿಸಿದ ಮೇಲೆ ಎದುರಾಳಿ ರಾಜನ ಪಾಳಿ. ಹೀಗೆ ಬರಬರುತ್ತ ಕತ್ತಲೆ ಸರಿದು ಬೆಟ್ಟ, ಕಡಲು, ಬೇರೆಯವರ ಕೋಟೆಗಳು ಕಾಣಿಸುತ್ತವೆ. ಆ ಬೆಟ್ಟದಾಚೆ ಏನಿದೆ ನೋಡಿಬಿಡೋಣ, ಊರ ಗೋಡೆ ಎದ್ದುಬಿಡಲಿ, ಇನ್ನೊಂದೇ ಪಾಳಿ ಅನ್ನುವಷ್ಟರಲ್ಲಿ ಮಧ್ಯಾಹ್ನ ಕಳೆದುಹೋಗಿರುತ್ತದೆ. ನನಗೂ ಗಂಟು ಕಟ್ಟಿಕೊಂಡು ಊರಿಂದೂರಿಗೆ ಹೋಗಿ ಗೊತ್ತಿತ್ತು. ಆದರೆ ಎಲ್ಲಿ ಇಳಿಯಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಆ ಕಂಪ್ಯೂಟರು ಕೆಟ್ಟು ಇನ್ನೊಂದು ಬಂತು, ಅದೂ ಹೋಗಿ ಮತ್ತೊಂದು. ಪ್ರತಿ ಸಲವೂ ರಿಪೇರಿಯವನಿಗೆ ಗುಟ್ಟಾಗಿ ಹೇಳಿ ಆಟವನ್ನು ಹೊಸದಕ್ಕೆ ಹಾಕಿಸಿಕೊಂಡೆ. ಈಗ ಫೋನಿನಲ್ಲಿ ಥಳಥಳ ಹೊಳೆಯುವ ಆಟಗಳಿವೆ. ಅವು ನನಗೆ ಒಗ್ಗುವುದಿಲ್ಲ, ಓಡು ಓಡು ಎಂದು ಮೈಮೇಲೆ ಬೀಳುತ್ತವೆ. ಯೂನಿಟ್ಟಿನಲ್ಲಿ ಬೆಳಗಿನಿಂದ ಆಗುವುದೂ ಅದೇ ತಾನೆ? ದಾರ ಹರಿಯುತ್ತದೆ, ಕರೆಂಟು ಹೋಗುತ್ತದೆ, ಮಾಲು ಎಲ್ಲಿ ಎಂದು ಲಾರಿಯವನು ಕೂಗುತ್ತಾನೆ. ಈ ಹಳೆಯ ಆಟ ಮಾತ್ರ ನಾನು ಯೋಚಿಸಿ ಮುಗಿಸುವವರೆಗೂ ಸುಮ್ಮನೆ ಕಾಯುತ್ತದೆ. ಲೋಕದಲ್ಲಿ ನನಗಾಗಿ ಕಾಯುವುದು ಇದೊಂದೇ ಎಂದು ನನ್ನ ಮೇಲೆ ನಾನೇ ಮರುಗಿಕೊಂಡು ಆಡುತ್ತಿದ್ದೆ.

ಮೊದಲ ಸಲ ಅತ್ತೆ ಕೆಳಗಿನಿಂದ ಊಟಕ್ಕೆ ಕರೆದಾಗ, “ನಂದಿನ್ನೂ ಪಾಳಿ ಮುಗಿದಿಲ್ಲ ಅತ್ತೆ” ಎಂದೆ. ಹೊಸದಾಗಿ ಕಲಿತ ಮಾತು. ಆಟದ ಸರದಿ ಎಂಬ ಅರ್ಥದಲ್ಲೇ ಅಂದದ್ದು, ದೇವರಾಣೆ. ಅವರು ಕೆಲಸದ ಪಾಳಿ ಎಂದುಕೊಂಡರು. ಕಸೂತಿ ಮಷೀನು ತನ್ನಷ್ಟಕ್ಕೆ ತಾನೇ ಟಕಟಕ ಎನ್ನುತ್ತಲೇ ಇತ್ತು. ಕೆಳಗೆ ಕೂತವರಿಗೆ ಅದು ಸೊಸೆ ದುಡಿಯುವ ಸದ್ದು. ಒಂದು ದಿನ ಪಕ್ಕದ ಮನೆಯಾಕೆಗೆ ಅತ್ತೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ನಮ್ ಸೊಸಿ ಭಾಳ ಗಟ್ಟ್ಯಾಕಿ ನೋಡ್ರಿ. ಪಾಳಿ ಮುಗಿಯೋತನ ಕುಂತಲ್ಲಿಂದ ಏಳಂಗಿಲ್ಲ.” ಆಗಲೇ ಹೋಗಿ ನಿಜ ಹೇಳಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಹೇಳಲಿಲ್ಲ. ಹೊಗಳಿಕೆ ಹಿತವಾಗಿತ್ತು. ಆಮೇಲೆ ಬೇಕೆಂದೇ ಅದೇ ಮಾತನ್ನು ಬಳಸತೊಡಗಿದೆ.

ಅತ್ತೆಗೆ ಒಂದು ಹಟವಿತ್ತು. ದುಡಿಯುವವರು ಉಣ್ಣದೆ ತಾವು ಉಣ್ಣುವವರಲ್ಲ. ನೀವು ಉಣ್ಣಿ ಎಂದರೆ, “ದುಡಿಯಾಕಿ ಮ್ಯಾಲ ಕುಂತಾಳ, ನಾ ಹ್ಯಾಂಗ ಉಣ್ಲಿ?” ಎನ್ನುತ್ತಿದ್ದರು. ಮಡಕಶಿರದ ಕಡೆಯವಳಾದ ನನಗೆ ರೊಟ್ಟಿ ಸಾಲದೆಂದು ರಾಗಿ ಮುದ್ದೆ ಮಾಡುವುದನ್ನು ಕಲಿತಿದ್ದರು. ಸಕ್ಕರೆ ಕಾಯಿಲೆ ಬಂದ ಮೇಲೂ ಹಟ ಬಿಡಲಿಲ್ಲ. ಗುಳಿಗೆ ನುಂಗಿದ ಮೇಲೆ ತಡಮಾಡದೆ ಉಣ್ಣಬೇಕು ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿ ನಿಂತು ತಲೆಯಾಡಿಸಿದವಳು ನಾನೇ.

ಯಜಮಾನರು ಬಟ್ಟೆ ತರಲು ಹೋಗಿದ್ದ ಒಂದು ಭಾನುವಾರ. ಹೊಲಿಯುವವರಿಗೆ ರಜೆ. ಕಸೂತಿ ಉಳಿದಿದೆ ಎಂದು ನಾನು ಮೇಲಿದ್ದೆ. “ಮುದ್ದಿ ಆರ್ತೈತಿ, ಬಾರವ್ವ” ಎಂದು ಅತ್ತೆ ಕರೆದರು. ಎದುರಾಳಿಯ ದಂಡು ನನ್ನ ಊರಿನ ಬಾಗಿಲಿಗೆ ಬಂದಿತ್ತು. “ಇಕಾ ಬಂದೆ ಅತ್ತೆ, ಪಾಳಿ ಮುಗಿಸ್ಕಂಡು ಬತ್ತೀನಿ” ಎಂದೆ. ಆಮೇಲೆ ಮತ್ತೊಮ್ಮೆ ಕರೆದರೋ ಏನೋ, ನನಗೆ ಕೇಳಿಸಲಿಲ್ಲ.

ಬಾಗಿಲಲ್ಲಿ ತಟ್ಟೆ ಗಲಗಲ ಅಂದಾಗ ತಿರುಗಿ ನೋಡಿದೆ. ನನ್ನ ಊಟ ಹೊತ್ತುಕೊಂಡು ಅತ್ತೆ ಮೆಟ್ಟಿಲು ಹತ್ತಿ ಬಂದಿದ್ದರು. ಮೈಯೆಲ್ಲ ಬೆವರಿ ತೊಯ್ದಿತ್ತು. ತಟ್ಟೆ ಇಸಿದುಕೊಳ್ಳುವಷ್ಟರಲ್ಲಿ ಪ್ಯಾಂಟುಗಳ ಗಂಟಿನ ಮೇಲೆ ಕುಸಿದು ಕೂತರು. ಗುಳಿಗೆ ನುಂಗಿ ಉಣ್ಣದೆ ಕಾದದ್ದಕ್ಕೆ ಸಕ್ಕರೆ ಇಳಿದುಹೋಗಿತ್ತು. ಕೆಳಗೆ ಓಡಿ ಬೆಲ್ಲ ತಂದು ಬಾಯಿಗಿಟ್ಟೆ, ನೀರು ಕುಡಿಸಿದೆ. ಕಣ್ಣು ಸ್ಥಿಮಿತಕ್ಕೆ ಬರುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

ಸುಧಾರಿಸಿಕೊಂಡ ಮೇಲೆ ಅವರ ದೃಷ್ಟಿ ತೆರೆಯ ಕಡೆ ಹೋಯಿತು. “ಇದೇನವ್ವ, ಊರು ಕಂಡಂಗ ಆಗ್ತೈತಿ?”

“ಆಟ ಅತ್ತೆ.”

“ಮತ್ತ ಪಾಳಿ ಅಂದಿ?”

“ಆಟದ ಪಾಳಿ.”

ಬೈದಿದ್ದರೆ ಅಳಬಹುದಿತ್ತು. ಅವರು ಬೈಯಲಿಲ್ಲ, ತೆರೆಯನ್ನೇ ನೋಡುತ್ತಿದ್ದರು. “ಯಾಕ ಸುಮ್ನ ನಿಂತೈತಿ ಅದು?”

“ನಾ ಆಡಾಗಂಟ ಹಂಗೇ ನಿಂತಿರ್ತದೆ ಅತ್ತೆ. ಎಷ್ಟೊತ್ತಾದ್ರೂ ಕಾಯ್ತದೆ.”

ಅತ್ತೆ ತಟ್ಟೆಯನ್ನು ಹತ್ತಿರಕ್ಕೆ ಎಳೆದು, ಮುದ್ದೆ ಮುರಿದು ಅರ್ಧವನ್ನು ನನ್ನ ಕಡೆ ಸರಿಸಿದರು.

“ಅದು ಕಾಯ್ತೈತಿ ಅಂದ್ಮ್ಯಾಲ ಉಂಡು ಬಂದು ಆಡಬಹುದಿತ್ತಲ್ಲವ್ವ” ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ ಹಾಗಿತ್ತು. ಅವರೆದುರು ಕೂತು ತುತ್ತು ಬಾಯಿಗಿಟ್ಟುಕೊಂಡೆ. ಮುದ್ದೆ ಆರಿ ಬಿರುಸಾಗಿತ್ತು, ನುಂಗಲು ನೀರು ಬೇಕಾಯಿತು.